ಕೊಂಡಿಯ ಮೇಲಿನ ವಿಭೂತಿ

ಅನುಪಮಾ ಗುಬ್ಬಿಯಿಂದ ಬಂದವಳು ತುಮಕೂರಿನ ನಮ್ಮ ಮನೆಯ ಹೊಸ್ತಿಲಲ್ಲೇ ಕುಸಿದು ಕೂತಳು. ಹಿಂದಿನ ದಿನ ಆಯುಧಪೂಜೆ. ಅವಳ ಗಂಡ ಬಸವರಾಜ್ ಕೆಲಸ ಮಾಡುವ ಸಿಮೆಂಟ್ ಗೋದಾಮಿನ ಹಳಿಯ ಮೇಲೆ ಗೂಡ್ಸ್ ಬೋಗಿಯೊಂದು ಉರುಳಿ ವಾಚ್‌ಮನ್ ಕದರಯ್ಯನ ಕಾಲು ಮುರಿದಿತ್ತು. ಹಿಂದಿನಿಂದ ಬಡಿದದ್ದರಿಂದ ಅವನು ಯಾರನ್ನೂ ನೋಡಿರಲಿಲ್ಲ. ನಿಲ್ಲಿಸಿದ್ದ ಬೋಗಿಯ ಚಕ್ರಕ್ಕೆ ಮರದ ಅಡ್ಡ ಕೊಡದೆ ಮನೆಗೆ ಹೋದವನು ಬಸವರಾಜನೇ ಎಂದು ಗೋದಾಮಿನವರು ದೂರು ಕೊಟ್ಟಿದ್ದರು.

"ಅವ್ರು ಜೈಲಿಗೋದ್ರೆ ನನ್ ಗತಿಯೇನಮ್ಮ?" ಎಂದಳು.

ನನ್ನ ಅಕ್ಕ ಗಂಗಾಂಬಿಕೆ ರೈಲ್ವೆ ಸುರಕ್ಷತಾ ವಿಭಾಗದಿಂದ ನಿವೃತ್ತಳಾದವಳು. ನಿವೃತ್ತಿ ಏನು ಬಂತು ಮಣ್ಣು, ಯಾರು ಕರೆದರೂ ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಾಳೆ. ಗುಬ್ಬಿ ಬಸ್ಸಿನಲ್ಲಿ ನಾನು ಗೊಣಗುತ್ತಲೇ ಕೂತೆ. ಪಕ್ಕದಲ್ಲಿದ್ದ ಅನುಪಮಾಳ ಮುಖ ನೋಡಿದಾಗಲೆಲ್ಲ ಕಿಟಕಿಯ ಕಡೆ ತಿರುಗುತ್ತಿದ್ದೆ.

ಗೋದಾಮಿನಲ್ಲಿ ಮ್ಯಾನೇಜರ್ ಸಿದ್ಧಾರ್ಥ್, ಹಣೆಗೆ ಉದ್ದ ನಾಮ ಇಟ್ಟಿದ್ದ ಸೂಪರ್‌ವೈಸರ್ ವೆಂಕಟರಂಗಯ್ಯ, ಒಬ್ಬ ಸಬ್ ಇನ್‌ಸ್ಪೆಕ್ಟರ್ ಇದ್ದರು. ಬಸವರಾಜನನ್ನೂ ಅಲ್ಲಿಗೆ ಕರೆಸಿದ್ದರು. ಪೂಜೆ ಮುಗಿಸಿ ಬಸವರಾಜ್ ಮನೆಗೆ ಹೋದ ಮೇಲೆ ಗೋದಾಮಿನಲ್ಲಿ ಉಳಿದವರು ಸಿದ್ಧಾರ್ಥ್, ವೆಂಕಟರಂಗಯ್ಯ ಮತ್ತು ಕದರಯ್ಯ ಮಾತ್ರ. ಹಳಿಯ ಮೇಲೆ ಮೋಟಾರ್ ಟ್ರಾಲಿ ನಿಂತಿತ್ತು. ಅದು ಹಳಿ ನೋಡಿ ಬರುವುದಕ್ಕಷ್ಟೇ, ಬೋಗಿ ಎಳೆಯುವುದಿಲ್ಲ, ಆದ್ದರಿಂದ ಇಂಜಿನ್ ಲೆಕ್ಕಕ್ಕೆ ಬರುವುದಿಲ್ಲ, ಲೈಸೆನ್ಸ್, ಬ್ರೇಕ್ ತಪಾಸಣೆ ಯಾವುದೂ ಬೇಡ ಎಂದು ಸಿದ್ಧಾರ್ಥ್ ವಿವರಿಸಿದ. ಪೂಜೆಯಾದ ಯಂತ್ರವನ್ನು ಆ ದಿನ ಯಾರೂ ಮುಟ್ಟುವುದಿಲ್ಲ ಎಂದು ವೆಂಕಟರಂಗಯ್ಯ ಸೇರಿಸಿದ.

ಅಕ್ಕ ಟ್ರಾಲಿಯ ಸುತ್ತ ಬಗ್ಗಿ ಬಗ್ಗಿ ನೋಡಿದಳು. ಬಾನೆಟ್ಟು, ಚಕ್ರ, ಸೀಟು, ಎಲ್ಲ ಕಡೆ ವಿಭೂತಿಯ ಮೂರು ಅಡ್ಡಗೆರೆ. ಹಿಂದಿನ ಕೊಂಡಿಯ ಮೇಲೆ ಮಾತ್ರ ಒಂದೇ ಉದ್ದಗೆರೆ. ಎಲ್ಲವನ್ನೂ ತಾನೇ ಮೂರು ಬೆರಳಲ್ಲಿ ಎಳೆದೆ, ಕೊಂಡಿಗೂ ಹಾಗೇ, ಎಂದು ಬಸವರಾಜ್ ಹೇಳಿದ. ಅಕ್ಕ ಎಲ್ಲರನ್ನೂ ಅಲ್ಲೇ ನಿಲ್ಲಿಸಿಕೊಂಡಳು.

"ಕೊಂಡಿ ಒಳಗೆ ಕಬ್ಬಿಣ ಹೊಸದಾಗಿ ಉಜ್ಜಿದೆ. ಪೂಜೆ ಆದ್ಮೇಲೆ ಇದಕ್ಕೆ ಬೋಗಿ ಸಿಗಿಸಿದಾರೆ, ಅದಕ್ಕೇ ವಿಭೂತಿ ಅಳಿಸಿದೆ. ದಾರೀಲಿ ಕೊಂಡಿ ಬಿಟ್ಕೊಂಡು ಬೋಗಿ ಉರುಳಿದೆ. ಆಮೇಲೆ ಯಾರೋ ವಿಭೂತಿ ಮತ್ತೆ ಹಚ್ಚಿದಾರೆ. ಆದ್ರೆ ಕೈ ತನ್ನ ಅಭ್ಯಾಸದಂತೆ ಉದ್ದಕ್ಕೆ ಹೋಗಿದೆ. ಅಲ್ವಾ ವೆಂಕಟರಂಗಯ್ಯ?"

ವೆಂಕಟರಂಗಯ್ಯನ ಬೆವರು ಇಳಿಯತೊಡಗಿತು. "ಲೋಡು ಅರ್ಜೆಂಟಿತ್ತು ಕಣಮ್ಮ. ಪೂಜೆ ಮಾಡಿದ್ದು ಅಳಿಸೋಗಿತ್ತು, ಹಂಗೇ ಬುಡಕ್ಕೆ ಮನಸ್ ಬರ್ಲಿಲ್ಲ."

ಸಿದ್ಧಾರ್ಥ್ ಮಧ್ಯೆ ಬಾಯಿ ಹಾಕಿದ. ಇವನೊಬ್ಬ ಒಂದು ದಿನ ತಪ್ಪು ಮಾಡಿದ ಮಾತ್ರಕ್ಕೆ ಟ್ರಾಲಿ ಇಂಜಿನ್ ಆಗಿಬಿಡುತ್ತದೆಯೇ ಎಂದ.

"ಹೆಸರು ಏನಾದ್ರೂ ಇಟ್ಕೊಳ್ಳಿ. ಬೋಗಿ ಎಳೆಯೋ ಕೆಲ್ಸಕ್ಕೇ ಇಟ್ಕೊಂಡಿದ್ರೆ ಅದು ಇಂಜಿನ್ನೇ," ಎಂದು ಅಕ್ಕ ಬಸವರಾಜನ ಕಡೆ ನೋಡಿದಳು.

ಅವನು ಸುಮ್ಮನಿದ್ದರೆ ಸಾಕಿತ್ತು, ಬಚಾವಾಗಿದ್ದ. ಕೆಲಸವೂ ಉಳಿಯುತ್ತಿತ್ತು. ಸುಮ್ಮನಿರಪ್ಪ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಒಂದಿನ ಅಲ್ಲ ಸಾರ್, ದಿನಾ ಎಳೀತೀವಿ," ಎಂದ ಬಸವರಾಜ್. "ಲೈಸೆನ್ಸಿಲ್ದೆ ಓಡ್ಸೋನು ನಾನೇ. ಓಡ್ಸು ಅಂದಿದ್ದು ಈ ಮ್ಯಾನೇಜರ್ರೇ. ಬ್ರೇಕ್ ಸರಿಯಿಲ್ಲ ಅಂತ ಕದರಯ್ಯ ಹೇಳ್ತಾನೇ ಇದ್ದ, ನಾವ್ಯಾರೂ ಕೇಳ್ಲಿಲ್ಲ."

ಸಬ್ ಇನ್‌ಸ್ಪೆಕ್ಟರ್ ಸಿದ್ಧಾರ್ಥನ ಕಡೆ ತಿರುಗಿದರು. ಅನುಪಮಾ ಗಂಡನನ್ನೇ ದಿಟ್ಟಿಸುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡೆ, ಬೈದರೂ ತಪ್ಪಿರಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಕೆಲ್ಸ ಹೋಯ್ತಲ್ಲ," ಎಂದಳು. "ನಡೀರಿ, ಕದರಯ್ಯಣ್ಣನ್ನ ನೋಡ್ಕೊಂಡ್ ಬರಾಣ. ಈಗ ತಲೆ ಎತ್ತಿ ಅವ್ರ ಮುಖ ನೋಡಬೋದು."