ರಾಣಿಯ ಕಂಪ್ಯೂಟರ್ ನಿಧಾನವಾದ ದಿನ

ಸವಿತಾಳ ಕಂಪ್ಯೂಟರಿಗೆ ವೇಗ ಇರಲಿಲ್ಲ.

ಸಿಡಿ ಒಳಗೆ ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಪರದೆಯ ಮೇಲಿನ ಹಸಿರು ಪಟ್ಟಿ ಇಪ್ಪತ್ತು ಪರ್ಸೆಂಟಿಗೇ ನಿಂತಿತ್ತು. ಪಕ್ಕದಲ್ಲಿ ರಾಣಿ ಆಗಲೇ ಎರಡನೇ ಸಿಡಿ ಬರೆದು ಹೊರತೆಗೆದಳು.

“ಇನ್ನೂ ಇಪ್ಪತ್ತೇನಾ? ಏನೇ, ಅದನ್ನ ಮಲಗಿಸ್ತಿದ್ದೀಯಾ?”

“ನೀ ನಿನ್ನ ಕೆಲಸ ನೋಡ್ಕೊ,” ಎಂದಳು ಸವಿತಾ.

ಹೆಬ್ಬಗೋಡಿಯ ಆ ಶಾಲೆಯ ಕಂಪ್ಯೂಟರುಗಳನ್ನು ಒಂದು ಕಂಪನಿ ಹತ್ತು ವರ್ಷದ ಹಿಂದೆ ಕೊಟ್ಟಿತ್ತು. ಕಂಪನಿಯಲ್ಲಿ ಬಳಸಿ ಹಳೆಯದಾದ ಮೇಲೆ ಕೊಟ್ಟದ್ದು. ಪೆನ್‌ಡ್ರೈವ್ ಹಾಕಲಾಗದಂತೆ ಅವರೇ ಬ್ಲಾಕ್ ಮಾಡಿದ್ದರು. ಇವತ್ತು ಮೂರು ಗಂಟೆಗೆ ಗುಜರಿ ವ್ಯಾನ್ ಬಂದು ಎಲ್ಲವನ್ನೂ ಒಯ್ಯುತ್ತದೆ. ಅಷ್ಟರೊಳಗೆ ಎರಡು ಕಂಪ್ಯೂಟರಿನಲ್ಲಿರುವ ಶಾಲೆಯ ಫೋಟೊಗಳನ್ನು ಸಿಡಿಗೆ ಬರೆಯಬೇಕು. ಕೊಟ್ರೇಶ್ ಸರ್ ಎಲ್ಲೆಲ್ಲೋ ಹುಡುಕಿ ಹತ್ತು ಖಾಲಿ ಸಿಡಿ ತಂದಿದ್ದರು. ಒಬ್ಬೊಬ್ಬರಿಗೆ ಐದು ಫೋಲ್ಡರ್, ಐದು ಸಿಡಿ.

“ಸರ, ನಂದು ಭಾಳ ಸ್ಲೋ ಐತ್ರಿ.”

ಕೊಟ್ರೇಶ್ ಸರ್ ಬಂದು ಸೆಟ್ಟಿಂಗ್ಸ್ ತೆರೆದರು. “ನೋಡು, ಇಲ್ಲಿ ಎರಡು ದಾರಿ ಇದಾವೆ. ಡಿಎಂಎ ಅಂದ್ರೆ ಮಾಹಿತಿ ಸಿಡಿ ಡ್ರೈವಿಗೂ ಮೆಮೊರಿಗೂ ನಡುವೆ ನೇರವಾಗಿ ಹೋಗುತ್ತೆ. ಪ್ರೊಸೆಸರ್ ಕೈ ಹಾಕೋದೇ ಬೇಡ. ಪಿಐಒ ಅಂದ್ರೆ ಒಂದೊಂದು ಚೂರನ್ನೂ ಪ್ರೊಸೆಸರೇ ಎತ್ತಿ ಎತ್ತಿ ಹಾಕ್ಬೇಕು.”

ಸವಿತಾಗೆ ತಟ್ಟನೆ ಅರ್ಥವಾಯಿತು. ಅವರ ವಠಾರಕ್ಕೆ ಟ್ಯಾಂಕರ್ ಬಂದಾಗ ಓನರ್ ಮನೆಯ ನೆಲದಡಿಯ ಸಂಪ್‌ಗೆ ನೇರ ಪೈಪ್ ಬಿಡುತ್ತಾರೆ. ಬಾಡಿಗೆಯವರು ಕೊಡ ಹೊರಬೇಕು. ಆ ಓನರ್ ವೆಂಕಟರಮಣಪ್ಪ. ಅವರ ಮಗಳೇ ರಾಣಿ.

“ಮತ್ತ ನಂದೂ ಡಿಎಂಎ ಮಾಡ್ರಿ.”

“ಆಗಲ್ಲ. ನಿನ್ನ ಡ್ರೈವ್ ತಪ್ಪು ಮಾಡ್ತಾನೇ ಇದೆ. ಅದಕ್ಕೆ ವಿಂಡೋಸ್ ತಾನೇ ಪಿಐಒಗೆ ಇಳಿಸಿಬಿಡುತ್ತೆ. ನಾನು ಮೇಲಕ್ಕೆ ಏರಿಸಿದ್ರೂ ಮತ್ತೆ ಇಳಿಯುತ್ತೆ. ಬರೆಯೋ ಸ್ಪೀಡ್ ಕಡಿಮೆ ಇಡು, ಇಲ್ಲಾಂದ್ರೆ ಸಿಡಿ ಹಾಳಾಗುತ್ತೆ. ರಾಣಿದು ಮುಗೀಲಿ, ಅವಳ ಡ್ರೈವ್ ಬಿಚ್ಚಿ ನಿನಗೆ ಹಾಕ್ತೀನಿ.”

ರಾಣಿ ಬಳಸಿ ಬಿಟ್ಟದ್ದು. ಸವಿತಾ ಹಾಕಿದ್ದ ಯೂನಿಫಾರ್ಮೂ ರಾಣಿ ಬಳಸಿ ಬಿಟ್ಟದ್ದೇ. ಕೊಟ್ಟ ದಿನದಿಂದ ರಾಣಿ ಆ ವಿಷಯ ಎತ್ತಿರಲಿಲ್ಲ. ಅದಕ್ಕೂ ಸವಿತಾಗೆ ಸಿಟ್ಟಿತ್ತು.

ಆಮೇಲೆ ಇಬ್ಬರೂ ಮೂರು ಪೀರಿಯಡ್ ಕ್ಲಾಸಿಗೆ ಹೋಗಿ ಬಂದರು; ಸವಿತಾಳ ಕಂಪ್ಯೂಟರ್ ಆಗಲೂ ಬರೆಯುತ್ತಲೇ ಇತ್ತು. ಊಟದ ಬೆಲ್ ಆಯಿತು. ಅಷ್ಟರಲ್ಲಿ ರಾಣಿಯ ಮೂರು ಸಿಡಿ ಮುಗಿದಿದ್ದವು, ಸವಿತಾಳದು ಎರಡು.

“ಎರಡನ್ನೂ ಶಟ್‌ಡೌನ್ ಮಾಡಿ ಬನ್ನಿ,” ಎಂದು ಸರ್ ಹೋದರು.

“ನಂದೂ ನೀನೇ ಮಾಡ್ಬಿಡೆ. ನಾನು ತಟ್ಟೆ ತಗೊಂಡು ಲೈನಲ್ಲಿ ನಿಂತಿರ್ತೀನಿ,” ಎಂದು ರಾಣಿ ಓಡಿದಳು.

ಸವಿತಾ ರಾಣಿಯ ಕುರ್ಚಿಯಲ್ಲಿ ಕೂತಳು. ಸರ್ ಒತ್ತಿದ್ದನ್ನೆಲ್ಲ ಅವಳು ನೋಡಿಕೊಂಡಿದ್ದಳು. ‘ಪಿಐಒ ಓನ್ಲಿ’ ಅಂತಿದ್ದುದನ್ನು ಆರಿಸಿ ಓಕೆ ಒತ್ತಿದಳು. ಆಮೇಲೆ ಶಟ್‌ಡೌನ್ ಮಾಡಿದಳು. ಅರ್ಧ ನಿಮಿಷದ ಕೆಲಸ.

ಊಟವಾದ ಮೇಲೆ ರಾಣಿಯ ಹಸಿರು ಪಟ್ಟಿ ಅಲ್ಲಾಡಲಿಲ್ಲ. ಮೌಸ್ ಜರ್ಕ್ ಹೊಡೆಯಿತು. ಸ್ವಲ್ಪ ಹೊತ್ತಿಗೆ ಎರರ್ ಬಂದು ಸಿಡಿ ಹೊರಬಿತ್ತು.

“ಅಯ್ಯೋ, ಇದಕ್ಕೇನಾಯ್ತು?”

“ಇನ್ನೊಮ್ಮೆ ಹಾಕು,” ಎಂದಳು ಸವಿತಾ. ಸ್ಪೀಡ್ ಕಡಿಮೆ ಮಾಡು ಅನ್ನಲಿಲ್ಲ. ಅವಳ ಹೊಟ್ಟೆ ತಣ್ಣಗಾಗಿತ್ತು.

ಎರಡನೆಯದೂ ಹಾಳಾಯಿತು. ರಾಣಿಯ ಹತ್ತಿರ ಇನ್ನು ಖಾಲಿ ಸಿಡಿ ಇರಲಿಲ್ಲ. ಎರಡು ಫೋಲ್ಡರ್ ಹಾಗೇ ಉಳಿದಿದ್ದವು. ಗಂಟೆ ಎರಡೂವರೆ.

ಸರ್ ಬಂದು ನೋಡಿದರು. “ಇದೂ ಕೆಟ್ಟೋಯ್ತಾ? ಹಾಗಾದ್ರೆ ಸವಿತಾಗೆ ಹಾಕೋಕೆ ಡ್ರೈವೇ ಇಲ್ಲ.”

“ನಾನೇ ಏನೋ ಒತ್ತಿರ್ಬೇಕು ಸಾರ್,” ಎಂದಳು ರಾಣಿ. ಅವಳ ದನಿ ಸಣ್ಣಗಿತ್ತು. “ಬೆಳಗ್ಗೆ ಸರಿಯಾಗೇ ಇತ್ತು. ನಂದೇ ತಪ್ಪು.”

ಸವಿತಾ ತನ್ನ ಪಟ್ಟಿಯನ್ನು ನೋಡಿದಳು. ಮೂರನೇ ಸಿಡಿ, ನಲವತ್ತು ಪರ್ಸೆಂಟ್. ಎದ್ದು ಬಂದು ರಾಣಿಯ ಮೌಸ್ ಹಿಡಿದಳು. ಸೆಟ್ಟಿಂಗ್ಸ್ ತೆರೆದು ಮತ್ತೆ ಡಿಎಂಎ ಆರಿಸಿ ರೀಸ್ಟಾರ್ಟ್ ಒತ್ತಿದಳು.

“ಅದು ಪಿಐಒಗೆ ಹೋಗಿದೆ ಅಂತ ನಿನಗೆ ಹೇಗೆ ಗೊತ್ತಾಯ್ತು?” ಎಂದರು ಸರ್.

ಸವಿತಾ ತನ್ನ ಕುರ್ಚಿಗೆ ಹೋದಳು. ತನ್ನ ಬಳಿ ಉಳಿದಿದ್ದ ಎರಡು ಖಾಲಿ ಸಿಡಿ ತಂದು ರಾಣಿಯ ಮುಂದೆ ಇಟ್ಟಳು.

ರಾಣಿ ಸಿಡಿ ನೋಡಿದಳು, ಅವಳ ಮುಖ ನೋಡಿದಳು.

“ನೀನಾ?”

“ಹ್ಞೂಂ.”

“ಸುಮ್ನಿದ್ದಿದ್ರೆ ಒಂದೂಮುಕ್ಕಾಲಿಗೇ ಈ ಡ್ರೈವ್ ನಿನಗೆ ಬರ್ತಿತ್ತಲ್ಲೇ, ಪೆದ್ದಿ!”

ರಾಣಿ ಮುಖ ಆ ಕಡೆ ತಿರುಗಿಸಿ ಸಿಡಿ ಹಾಕಿದಳು. ಮೊದಲನೆಯದು ಏಳು ನಿಮಿಷಕ್ಕೆ ಮುಗಿಯಿತು. ಎರಡನೆಯದು ಮುಗಿಯುವಾಗ ಗೇಟಿನಲ್ಲಿ ವ್ಯಾನ್ ಹಾರ್ನ್ ಹೊಡೆಯಿತು.

ಇಬ್ಬರು ಆಳುಗಳು ಬಂದರು. “ಇನ್ನೊಂದು ಅರ್ಧ ಗಂಟೆ ಕೊಡ್ರಪ್ಪಾ,” ಎಂದರು ಸರ್. “ಆಗಲ್ಲ ಸಾರ್, ಇನ್ನೂ ಎರಡು ಸ್ಕೂಲ್‌ಗೆ ಹೋಗ್ಬೇಕು,” ಎನ್ನುತ್ತಲೇ ಒಬ್ಬ ಸವಿತಾಳ ಕಂಪ್ಯೂಟರಿನ ಪ್ಲಗ್ ಕಿತ್ತ. ಪಟ್ಟಿ ಅರವತ್ತೆರಡಕ್ಕೆ ಬಂದಿತ್ತು.

ವ್ಯಾನ್ ಹೊಸೂರು ರೋಡಿನ ಕಡೆ ತಿರುಗುವವರೆಗೆ ಸವಿತಾ ಗೇಟಿನ ಹತ್ತಿರ ನಿಂತಿದ್ದಳು. ರಾಣಿ ಅವಳಿಗಾಗಿ ಕಾಯದೆ ಮನೆಗೆ ಹೋಗಿದ್ದಳು. ನಿಧಾನದ ಕಂಪ್ಯೂಟರಿನ ಮುಂದೆ ಕೂತು ಕೂತು ಸವಿತಾ ತನ್ನ ಐದೂ ಫೋಲ್ಡರುಗಳ ಫೋಟೊಗಳನ್ನೆಲ್ಲ ನೋಡಿ ಮುಗಿಸಿದ್ದಳು. ಹಾಗಾಗಿ ಲೆಕ್ಕ ಅವಳಿಗೆ ಗೊತ್ತಿತ್ತು.

ಹಾಳಾದ ಸಿಡಿ ಮೂರು. ಹೋದ ಫೋಲ್ಡರ್ ಮೂರು. ಫೋಟೊ ಇನ್ನೂರ ಮೂವತ್ತೊಂದು. ಅದರಲ್ಲಿ ಸವಿತಾ ಮತ್ತು ರಾಣಿ ಒಟ್ಟಿಗೆ ನಿಂತದ್ದು ಹದಿನಾಲ್ಕು.