ಕೌದಿಯೊಳಗಿನ ಮದುಮಗ

"ಇದ್ದೀರಾ?"

ಜನರನ್ನು ತಡೆಯಲು ಅಡ್ಡ ಕಟ್ಟಿದ್ದ ಬಿದಿರು ಗಳದ ಆಚೆಯಿಂದ ಆ ದನಿ ಕೇಳಿದ್ದೇ ತಡ, ಉಗಮ್ ಕಂವರ್‌ಳ ಎದೆ ಧಸಕ್ಕೆಂದಿತು.

ಅದೇ ದನಿ! ಶುರುವಿಗೆ ಕೊಂಚ ಒರಟು, ಪ್ರಶ್ನೆಯ ಕೊನೆಗೆ ಬೆಣ್ಣೆ. ಇಷ್ಟು ದಿನ ಟೆಲಿಫೋನಿನಲ್ಲಿ ಕೇಳಿದ್ದ ದನಿ ಈಗ ಒಂದು ಮಾರು ದೂರದಲ್ಲಿ ಉಸಿರಾಡುತ್ತಿತ್ತು. ಮುಸುಕಿನ ಅಡಿಯಿಂದ ಅವಳಿಗೆ ಕಂಡದ್ದು ಧೂಳು ಹಿಡಿದ ಒಂದು ಜೊತೆ ಚರ್ಮದ ಜೋಡು ಮಾತ್ರ.

ಬಂದಿದ್ದಾರೆ... ನನ್ನ ಗಂಡ ಬಂದಿದ್ದಾರೆ!

ಉತ್ತರ ಕೊಡಬೇಕು. ಕೈಬಳೆ ಒಮ್ಮೆ ಅಲುಗಿಸಿದರೆ ಸಾಕು. ಆದರೆ ಅಲುಗಿಸುವ ಹಾಗಿರಲಿಲ್ಲ!

ಅವಳು ಎದೆಗವಚಿಕೊಂಡಿದ್ದ ಕೌದಿಯ ಹೊಲಿಗೆ ರೈಲಿನ ಕುಲುಕಾಟಕ್ಕೆ ಬಿಚ್ಚಿಹೋಗಿತ್ತು. ಒಳಗಿದ್ದ ಕಠಾರಿ ಅರ್ಧ ಹೊರಬಂದು ಅವಳ ಮೊಣಕೈಗೆ ಒತ್ತುತ್ತಿತ್ತು. ತೋಳು ಒಂದಿಷ್ಟು ಸಡಿಲವಾದರೂ ಅದು ಅಷ್ಟೂ ಪೊಲೀಸರ ಮುಂದೆ ಠಣ್ಣೆಂದು ಕೆಳಗೆ ಬೀಳುತ್ತಿತ್ತು.

"ಇದ್ದೀರಾ?" ಈ ಸಲ ಆ ದನಿಯಲ್ಲಿ ಅಳುಕಿತ್ತು.

ಉಗಮ್ ಕಣ್ಣು ಮುಚ್ಚಿ ಕೌದಿಯನ್ನು ಇನ್ನೂ ಗಟ್ಟಿಯಾಗಿ ಅಮುಕಿಕೊಂಡಳು.

ಮದುಮಗಳ ಕೌದಿಯಲ್ಲಿ ಕಠಾರಿಗೇನು ಕೆಲಸ ಅಂತೀರಾ? ಆ ಕಠಾರಿಯೇ ಮದುಮಗ!

ಸೋಢಾ ರಜಪೂತರು ತಮ್ಮ ಕುಲದೊಳಗೇ ಹೆಣ್ಣು ಕೊಡುವುದಿಲ್ಲ. ಗಡಿಯ ಆ ಕಡೆ, ಸಿಂಧಿನ ಮರಳಿನಲ್ಲಿ, ಬೇರೆ ಕುಲದ ಗಂಡು ಎಲ್ಲಿ ಸಿಗಬೇಕು? ಹಾಗಾಗಿ ಉಗಮ್‌ಗೂ ಈ ಕಡೆಯ ಗಂಡನ್ನೇ ನೋಡಿದ್ದರು. ನಿಶ್ಚಿತಾರ್ಥ ಆಯಿತು, ವೀಸಾ ಆಗಲಿಲ್ಲ. ಈ ವರ್ಷ ಸಿಗುತ್ತದೆ, ಬರುವ ವರ್ಷ ಸಿಗುತ್ತದೆ ಎಂದು ಕಾದದ್ದೇ ಬಂತು. ಕೊನೆಗೆ ಅಜ್ಜಿ ಗೋಡೆಯ ಗೂಟದಿಂದ ಹಳೆಯ ಕಠಾರಿ ಇಳಿಸಿದಳು. ಗಂಡು ಬರಲಾಗದಿದ್ದರೆ ಗಂಡಿನ ಮನೆಯ ಆಯುಧದ ಜೊತೆ ಅಗ್ನಿ ಸುತ್ತುವುದು ಅವರ ಹಿರಿಯರಿಂದ ಬಂದ ರೂಢಿ.

ಕಠಾರಿ ಗಂಡಿನ ತಾತನದು. ಅರವತ್ತೈದರ ಯುದ್ಧಕ್ಕೆ ಮುಂಚೆ ಯಾವುದೋ ಮದುವೆಗೆಂದು ಉಗಮ್‌ಳ ಮನೆಗೆ ಬಂದ ಅವರು ಊಟದ ಗಲಾಟೆಯಲ್ಲಿ ಅದನ್ನು ಗೂಟದಲ್ಲೇ ಮರೆತು ರೈಲು ಹತ್ತಿದ್ದರು. "ಮುಂದಿನ ವಾರ ಬಂದು ಒಯ್ತೀನಿ" ಎಂದು ಹೇಳಿ ಕಳಿಸಿದ್ದರು. ಅಷ್ಟರಲ್ಲಿ ಬಾಂಬು ಬಿತ್ತು, ಹಳಿ ಮುರಿಯಿತು, ಗಡಿ ಮುಚ್ಚಿತು. ಆ ಮುಂದಿನ ವಾರ ಬರಲು ನಲವತ್ತೊಂದು ವರ್ಷ ಹಿಡಿಯಿತು.

ಇವತ್ತು, ಕೊನೆಗೂ, ಮೊದಲ ರೈಲು ಗಡಿಯ ಈ ಕಡೆಯ ಮುನಾಬಾವ್ ಸ್ಟೇಷನ್ನಿಗೆ ಬಂದು ನಿಂತಿತ್ತು. ಡೋಲು ಬಡಿಯುತ್ತಿತ್ತು. ಮುದುಕಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಗೊಳೋ ಎಂದು ಅಳುತ್ತಿದ್ದರು.

ಅಗ್ನಿ ಸುತ್ತಿದ ಆಯುಧ ಮದುಮಗಳಿಗಿಂತ ಮುಂಚೆ ಗಂಡನ ಮನೆಯ ಹೊಸ್ತಿಲು ದಾಟಬೇಕು. ಅದಿಲ್ಲದೆ ಬಂದವಳು ಸೊಸೆಯಲ್ಲ, ಬರೀ ನೆಂಟಳು. ಅದಕ್ಕೇ ಅಜ್ಜಿ ಯಾವ ಗಂಡಸರಿಗೂ ಹೇಳದೆ ಮದುಮಗನನ್ನು ಕೌದಿಯೊಳಗಿಟ್ಟು ಹೊಲಿದುಬಿಟ್ಟಳು. ನಡುವೆ ಎರಡು ದೇಶದ ಸುಂಕದವರು ಕೂತಿರುತ್ತಾರೆ ಎಂಬುದು ಆಕೆಯ ತಲೆಗೇ ಹೊಳೆಯಲಿಲ್ಲ. ಆಕೆಯ ಹರೆಯದಲ್ಲಿ ಗಡಿ ಎಲ್ಲಿತ್ತು!

ಆ ಕಡೆಯ ತಪಾಸಣೆಯ ಹೆಂಗಸು ಕೌದಿಯನ್ನು ಎತ್ತಿ ನೋಡಿ, "ಅಬ್ಬಾ, ಒಳಗಿರೋದು ಹತ್ತಿನೋ ಕಲ್ಲೋ?" ಎಂದು ನಕ್ಕು ಬಿಟ್ಟಿದ್ದಳು. ಆಗಿನಿಂದ ಉಗಮ್‌ಳ ಗಂಟಲಲ್ಲಿ ಒಂದು ತುತ್ತೂ ಇಳಿದಿರಲಿಲ್ಲ.

ಗಳದ ಆಚೆ ಜೋಡುಗಳು ಮೆಲ್ಲಗೆ ಹಿಂದೆ ಸರಿದವು.

ಅಯ್ಯೋ... ತಪ್ಪು ತಿಳಿದುಕೊಂಡರು!

ಅವನು ಫೋನ್ ಮಾಡಿದಾಗಲೆಲ್ಲ ಮನೆ ತುಂಬ ಹಿರಿಯರು. ಅವರ ಮುಂದೆ ಬಾಯಿ ಬಿಡುವುದುಂಟೆ? ಅವನು ಕೇಳುತ್ತಿದ್ದ, ಇವಳು ಬಳೆ ಅಲುಗಿಸುತ್ತಿದ್ದಳು. ಸದ್ದಾದರೆ ಹೌದು. ಸದ್ದಿಲ್ಲದಿದ್ದರೆ ಇಲ್ಲ.

"ಫೋಟೋ ನೋಡಿದ್ರಾ?" ಝಲ್! "ಮೀಸೆ ಬೋಳಿಸ್ಲಾ?" ಸದ್ದಿಲ್ಲ. "ಹಂಗಾದ್ರೆ ಇರ್ಲಾ?" ಝಲ್ ಝಲ್!

ಅವನು ನಕ್ಕ ನಗು ಇನ್ನೂ ಅವಳ ಕಿವಿಯಲ್ಲಿತ್ತು. ಅವನ ಹೆಸರೇನು ಅಂತೀರಾ? ಅವಳೇ ಬಾಯಿಬಿಟ್ಟು ಹೇಳದ ಹೆಸರನ್ನು ನಾವು ಮೊದಲು ಹೇಳಿಬಿಟ್ಟರೆ ಚೆನ್ನಾಗಿರುವುದಿಲ್ಲ.

"ಕಾಕೋಸಾ, ಸ್ವಲ್ಪ ಈ ಕಡೆ ಬನ್ನಿ." ಅವನು ಅವಳ ಚಿಕ್ಕಪ್ಪ ಹಾಥಿ ಸಿಂಗ್‌ರನ್ನು ಕರೆದ. "ಒತ್ತಾಯ ಮಾಡಿ ಕರ್ಕೊಂಡು ಬಂದ್ರಾ ಇವ್ರನ್ನ?"

"ಛೆ ಛೆ, ಏನ್ ಮಾತು ಅಳಿಯಂದ್ರೆ! ನಾಚ್ಕೋತಿದ್ದಾಳೆ. ಬೆಳಗ್ಗಿಂದ ಒಂದು ತುತ್ತು ತಿಂದಿಲ್ಲ. ಆ ಹಳೇ ಕೌದಿನ ಕೂಸಿನ ಥರ ಅವಚ್ಕೊಂಡು ಕೂತಿದ್ಲು. ನಾನು ಹಿಡ್ಕೋತೀನಿ ಕೊಡು ಅಂದ್ರೂ ಕೊಡ್ಲಿಲ್ಲ ಮಾರಾಯ್ರೆ!"

"ನಾಚಿಕೆ ಅಲ್ಲ ಅದು. ನಡುಗ್ತಿದ್ದಾರೆ ನೋಡಿ." ಅವನ ದನಿ ಭಾರವಾಯಿತು. "ಅವ್ರ ಮದುವೆ ಆಗಿದ್ದು ಒಂದು ಕಬ್ಬಿಣದ ತುಂಡಿನ ಜೊತೆ. ಫೋಟೋ ಬಿಟ್ರೆ ನನ್ನ ಮುಖಾನೂ ನೋಡಿಲ್ಲ. ಬೇಡ ಅನ್ಸಿದ್ರೆ ಇದೇ ರೈಲು ವಾಪಸ್ ಹೋಗುತ್ತೆ. ಅವ್ರ ಮೇಲೆ ಮಾತು ಬರದ ಹಾಗೆ ನಾನು ನೋಡ್ಕೋತೀನಿ."

ವಾಪಸ್ಸಾ?!

ನಿಮ್ಮನ್ನು ನೋಡುವುದಕ್ಕೆಂದೇ ಅಲ್ಲವಾ ನಾನು ಉಸಿರು ಹಿಡಿದುಕೊಂಡು ಬಂದದ್ದು? ಒಂದೇ ಒಂದು ನಿಮಿಷ ತಡೆಯಿರಿ... ಒಂದೇ ನಿಮಿಷ!

"ಮುಂದೆ ಬಾಮ್ಮ. ಕೌದಿ ಮೇಜಿನ ಮೇಲಿಡು."

ಮಹಿಳಾ ಪೇದೆ ಅವಳ ಕೈಯಿಂದ ಕೌದಿಯನ್ನು ಎಳೆದೇಬಿಟ್ಟಳು.

ಠಣ್!

ಡೋಲಿನವನ ಕೈ ನಿಂತಿತು. ಸಿಮೆಂಟಿನ ನೆಲದ ಮೇಲೆ ಬೆಳ್ಳಿ ನವಿಲಿನ ಹಿಡಿಯ ಕಠಾರಿ ಬಿದ್ದಿತ್ತು.

"ಆಯುಧ!" ಯಾರೋ ಕೂಗಿದರು. "ಮೊದಲ ದಿನಾನೇ ಆಯುಧ! ಮತ್ತೆ ರೈಲು ನಿಲ್ಲಿಸ್ತಾರೆ ನೋಡು..."

ಮೇಜಿನ ಹಿಂದಿನ ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಎದ್ದು ನಿಂತರು. "ಏನಮ್ಮ ಇದು? ಯಾರದು?"

ಗಂಡನ ಮನೆಯದು ಎಂದರೆ ಅವರನ್ನೇ ಹಿಡಿದುಕೊಂಡು ಹೋದರೆ? ನನ್ನದು ಎಂದರೆ ನನ್ನನ್ನು ವಾಪಸ್ ಅಟ್ಟಿದರೆ? ನನ್ನಿಂದ ರೈಲೇ ನಿಂತುಹೋದರೆ... ಇಷ್ಟೂ ಜನರ ಕಣ್ಣೀರು ನನ್ನ ತಲೆಗೆ! ಕುಲದೇವೀ, ನಾನೇನು ಮಾಡಲಿ!

"ಕೇಳ್ತಿರೋದು ನಿನ್ನನ್ನೇ. ಯಾರದು?"

"ನನ್ನದು."

ಹೇಳಿದ್ದು ಉಗಮ್ ಅಲ್ಲ. ಗಳದ ಕೆಳಗೆ ನುಸುಳಿ ಆ ಜೋಡುಗಳು ಅವಳ ಪಕ್ಕಕ್ಕೇ ಬಂದು ನಿಂತಿದ್ದವು. ಅವನು ಬಗ್ಗಿ ಬೆಳ್ಳಿ ನವಿಲನ್ನೇ ನೋಡುತ್ತಿದ್ದ. ತಾತ ಹೇಳಿ ಹೇಳಿ ಅವನಿಗೆ ಅದರ ಗರಿಗರಿಯೂ ಗೊತ್ತಿತ್ತು.

"ಇದು ನಮ್ಮ ತಾತನ ಕಠಾರಿ ಸಾಹೇಬ್ರೆ. ಅವ್ರನ್ನ ಬಿಟ್ಬಿಡಿ. ಏನಿದ್ರೂ ನನ್ನ ಕೇಳಿ."

"ಆ ಕಡೆಯಿಂದ ಬಂದ ಆಯುಧ ಈ ಕಡೆಯವ್ರದು ಹೇಗ್ರೀ ಆಗುತ್ತೆ?" ಅಧಿಕಾರಿಯ ಹುಬ್ಬು ಗಂಟಿಕ್ಕಿತು. ಇಬ್ಬರು ಪೇದೆಗಳು ಹತ್ತಿರ ಬಂದರು. "ಈ ಹೆಣ್ಮಗಳು ನಿಮಗೇನಾಗ್ಬೇಕು?"

ಅವನು ಅವಳ ಮುಸುಕಿನ ಕಡೆ ತಿರುಗಿದ.

"ಅದನ್ನ... ಅವ್ರೇ ಹೇಳ್ಬೇಕು."

ಪೇದೆಯೊಬ್ಬ ಅವನ ತೋಳು ಹಿಡಿದುಕೊಂಡ. ಆ ಜೋಡುಗಳು ಎಡವಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದದ್ದು ಮುಸುಕಿನ ಅಡಿಯಿಂದ ಉಗಮ್‌ಗೆ ಕಂಡಿತು.

ಅವರನ್ನು ಬೇಡವೆನ್ನುವವಳಂತೆ ನಾನು ಕಂಡರೂ ನನಗಾಗಿ ಮುಂದೆ ಬಂದು ನಿಂತಿದ್ದಾರೆ...

"ಏನಮ್ಮ, ಯಾರು ಇವ್ರು? ಹೆಸರು ಹೇಳು. ಹೆಸರಾದ್ರೂ ಗೊತ್ತಾ?"

ಗೊತ್ತು! ಆದರೆ ಗಂಡನ ಹೆಸರು ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅಜ್ಜಿ ಹೇಳಿದ್ದಳು. ಬಾವಿಕಟ್ಟೆಯಲ್ಲಿ ಗೆಳತಿಯರು ಎಷ್ಟು ಕಾಡಿಸಿದರೂ ಅವಳು ತುಟಿ ಬಿಚ್ಚಿರಲಿಲ್ಲ. ಹೇಳಿದರೆ ಆಯಸ್ಸಿಗೆ ಕುತ್ತು. ಹೇಳದಿದ್ದರೆ ಈಗಲೇ ಕೈಗೆ ಬೇಡಿ!

ಅವಳು ಎರಡೂ ಕೈಯಿಂದ ಮುಸುಕನ್ನು ಹಿಂದಕ್ಕೆ ಸರಿಸಿದಳು.

"ಜೇತಮಾಲ್ ಸಿಂಗ್ ಭಾಟಿ!"

"ರಾಮ ರಾಮ!" ಎಂದು ಕಾಕೋಸಾ ಎರಡೂ ಕಿವಿಗೆ ಬೆರಳಿಟ್ಟುಕೊಂಡರು.

"ಇವ್ರು ನನ್ನ ಗಂಡ ಜೇತಮಾಲ್ ಸಿಂಗ್ ಭಾಟಿ. ಇವ್ರಿಗೆ ವೀಸಾ ಸಿಗ್ಲಿಲ್ಲ, ಅದಕ್ಕೆ ಈ ಕಠಾರಿ ಜೊತೆ ನನ್ನ ಮದುವೆ ಮಾಡಿದ್ರು. ತಪ್ಪು ನಮ್ಮ ಅಜ್ಜಿದು, ನಂದು. ಇವ್ರಿಗೇನೂ ಗೊತ್ತಿಲ್ಲ, ಬಿಟ್ಬಿಡಿ!" ಅವಳು ಅವನ ಕಡೆ ತಿರುಗಿದಳು. ಕಣ್ಣೀರು ಧಾರಾಕಾರ. "ಇಷ್ಟ ಇಲ್ಲ ಅಂತ ಅಲ್ಲ! ಕೈ ಅಲುಗಿಸಿದ್ರೆ ಇವ್ರು ಬಿದ್ದುಬಿಡ್ತಿದ್ರು!"

"ಯಾರು ಬೀಳ್ತಿದ್ರು?" ಅಧಿಕಾರಿಗೆ ಅರ್ಥವಾಗಲಿಲ್ಲ.

ಉಗಮ್ ತಲೆ ತಗ್ಗಿಸಿ ಕಠಾರಿಯ ಕಡೆ ಬೆರಳು ತೋರಿಸಿದಳು.

ಅಳುತ್ತಿದ್ದ ಮುದುಕಿಯೊಬ್ಬಳು ಕಿಸಕ್ಕೆಂದು ನಕ್ಕಳು. ಮಹಿಳಾ ಪೇದೆ ಮುಖ ತಿರುಗಿಸಿಕೊಂಡಳು. ಅಧಿಕಾರಿ ಕಠಾರಿ ಎತ್ತಿ ಅಲಗಿನ ಮೇಲೆ ಬೆರಳಾಡಿಸಿದರು. ಬೆರಳಿಗೆ ತುಕ್ಕು ಹತ್ತಿತೇ ಹೊರತು ಗೀರು ಬೀಳಲಿಲ್ಲ.

"ಇದ್ರಲ್ಲಿ ಈರುಳ್ಳಿನೂ ಹೆಚ್ಚಕ್ಕಾಗಲ್ಲ," ಎಂದರು. "ಆದ್ರೂ ಕಾನೂನು ಕಾನೂನೇ. ಹೇಳದೆ ತಂದಿದ್ದೀರಿ, ಇದು ಇಲ್ಲೇ ಇರ್ಬೇಕು. ಮೇಲಿನವ್ರ ಒಪ್ಪಿಗೆ ತರಿಸ್ತೀನಿ. ಮುಂದಿನ ವಾರ ಬಂದು ಒಯ್ಯಿರಿ."

ಮುಂದಿನ ವಾರ!

ಉಗಮ್ ಮೇಜಿನ ಅಂಚು ಹಿಡಿದುಕೊಂಡಳು. "ಬೇಡ ಸಾಹೇಬ್ರೆ... ಹಾಗನ್ಬೇಡಿ! ಮುಂದಿನ ವಾರ ಅಂದೋರೆಲ್ಲ..."

ಪೇದೆ ಜೇತಮಾಲನ ತೋಳು ಬಿಟ್ಟಿದ್ದ. ಅವನು ಮೊದಲ ಸಲ ಅವಳ ಮುಖ ನೋಡುತ್ತಿದ್ದ. ಅವನ ಮೀಸೆ ಕಂಪಿಸುತ್ತಿತ್ತು.

"ಯಾಕೆ ಹೆದರ್ತೀರಿ? ಬನ್ನಿ, ಮನೆಗೆ ಹೋಗೋಣ."

"ಕಠಾರಿ ಇಲ್ದೆ ಹೇಗೆ ಬರ್ಲಿ? ಅದು ತಾನೆ ನನಗಿಂತ ಮುಂಚೆ ಹೊಸ್ತಿಲು ದಾಟ್ಬೇಕು? ತಾತ ಏನಂತಾರೆ?"

"ನಾನು ಬರಕ್ಕಾಗಲ್ಲ ಅಂತ ನನ್ನ ಬದಲಿಗೆ ಕಠಾರಿ ನಿಂತ್ಕೊಂಡ್ತು." ಅವನು ಸಣ್ಣಗೆ ನಕ್ಕ. "ಈಗ ಅದು ಬರಕ್ಕಾಗಲ್ಲ. ಅದರ ಬದಲಿಗೆ ನಾನು ಮೊದಲು ಹೊಸ್ತಿಲು ದಾಟ್ತೀನಿ. ನೀವು ನನ್ನ ಹಿಂದೆ ಬನ್ನಿ. ತಾತ ಒಪ್ತಾರೆ. ಅವ್ರು ನಲವತ್ತೊಂದು ವರ್ಷದಿಂದ ಕಾಯ್ತಿರೋದು ಕಬ್ಬಿಣಕ್ಕಲ್ಲ, ಮನೆ ತುಂಬೋರಿಗೆ."

"ನಾನು ನಿಮ್ಮ ಹೆಸರು ಬೇರೆ ಹೇಳ್ಬಿಟ್ಟೆ..." ಅವಳು ಬಿಕ್ಕಿದಳು. "ಎರಡೆರಡು ಸಲ! ನಿಮ್ಮ ಆಯಸ್ಸು..."

"ಕಮ್ಮಿ ಆಗಿದ್ದು ಆಗ್ಲಿ ಬಿಡಿ. ಉಳಿದಿದ್ದೆಲ್ಲ ನಿಮ್ಮದೇ."

ಉಗಮ್ ಸರ್ರನೆ ಮುಸುಕು ಎಳೆದುಕೊಂಡಳು. ಒಳಗೆ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಕಾಕೋಸಾಗೂ ತಿಳಿಯಲಿಲ್ಲ.

ಜೋಧಪುರದ ರೈಲು ಪಕ್ಕದ ಹಳಿಯಲ್ಲಿ ಕಾಯುತ್ತಿತ್ತು. ಅವಳನ್ನು ಕಿಟಕಿಯ ಬಳಿ ಕೂರಿಸಿ ಅವನು ನೀರು ತರಲು ಇಳಿದ. ಅಷ್ಟರಲ್ಲಿ ಸೀಟಿ ಕೂಗಿತು. ರೈಲು ಒಮ್ಮೆ ಜಗ್ಗಿತು. ಎಲ್ಲಿ? ಎಲ್ಲಿ ಹೋದರು? ಹರಿದ ಕೌದಿಯನ್ನು ಮುಷ್ಟಿಯಲ್ಲಿ ಹಿಂಡಿಕೊಂಡು ಕಿಟಕಿಯಾಚೆ ಧೂಳನ್ನೇ ನೋಡಿದಳು.

ಬೆನ್ನ ಹಿಂದೆ, ಬೋಗಿಯ ಒಳಗೆ, ಏದುಸಿರು.

"ಇದ್ದೀರಾ?"

ಅವಳ ಕೈ ಬಳೆ ಅಲುಗಿಸಲು ಮೇಲೆದ್ದಿತು. ಅರ್ಧದಲ್ಲೇ ನಿಂತಿತು.

"ಇದ್ದೀನಿ," ಎಂದಳು ಉಗಮ್.