ಬಸವನಹುಳುವಿಗೆ ಒಂದು ತಂಬಿಗೆ ನೀರು

ಟಣ್...

ನಡುರಾತ್ರಿ ಮೀನಿನ ತೊಟ್ಟಿಯೊಳಗೆ ಏನೋ ಬಿದ್ದ ಸಣ್ಣ ಸದ್ದು. ಉಮಾಶ್ರೀ ಎದ್ದು ಮೊಬೈಲಿನ ಬೆಳಕು ಹಿಡಿದಳು. ನಾಲ್ಕು ಪಟ್ಟೆಪಟ್ಟೆ ಬಸವನಹುಳುಗಳಲ್ಲಿ ಎರಡು ಹುಳುಗಳು ತಳದ ಕಲ್ಲುಗಳ ಮೇಲೆ ಅಂಗಾತ ಬಿದ್ದಿದ್ದವು. ಮುಟ್ಟಿದರೂ ಅಲುಗಲಿಲ್ಲ. ನೀರಗಿಡಗಳ ನಡುವೆ ಟೆಟ್ರಾ ಮೀನುಗಳು ಏನೂ ಅರಿಯದವರಂತೆ ನಿಂತಿದ್ದವು.

ಅವನೇ ಆರಿಸಿಕೊಟ್ಟ ಮೀನು-ಹುಳುಗಳ ಜೋಡಿ ಇದು...

ಅವನು ಸಿದ್ಧಾರೂಢ. ಬೈಲಹೊಂಗಲದ ಬಸ್ ಸ್ಟ್ಯಾಂಡ್ ಹತ್ತಿರ ಅಕ್ವೇರಿಯಂ ಅಂಗಡಿ ಇಟ್ಟವನು. ಹದಿನೈದು ದಿನಗಳ ಹಿಂದೆ ಅವಳು ಚಂದದ ಲೋಚ್ ಮೀನಿಗೆ ಆಸೆಪಟ್ಟಾಗ ತಡೆದಿದ್ದ.

"ಅದು ಹುಳಾನ ಚಿಪ್ಪಿನಿಂದ ಹೀರಿ ತಿಂತೈತ್ರಿ ಟೀಚರ್. ಸಣ್ಣ ಬಾಯಿ ಟೆಟ್ರಾ ಒಯ್ರಿ. ಈ ಹುಳ ಪಾಚಿ ಅಷ್ಟ ತಿಂತಾವ, ಗಿಡ ಮುಟ್ಟೂದಿಲ್ಲ."

"ಕೂಡಿ ಇರ್ತಾವೇನ್ರಿ?" ಎರಡು ಸಲ ಕೇಳಿದ್ದಳು.

"ಇರ್ತಾವ್ರಿ. ನನ್ನ ಮಾತ ನಂಬ್ರಿ."

ಮರುವಾರವೇ ಅವನ ಮನೆಯವರು ಅವಳನ್ನು ಮದುವೆಗೆ ಕೇಳಿಕೊಂಡು ಬಂದಿದ್ದರು. ಬೆಳಗಾದರೆ ರವಿವಾರ, ಉತ್ತರ ಹೇಳುವ ದಿನ. ಹುಳುವಿನ ವಿಷಯದಲ್ಲೇ ಮಾತು ಸುಳ್ಳಾಯಿತು... ಇಡೀ ಬಾಳಿಗೆ ಇವನನ್ನು ಹೇಗೆ ನಂಬಲಿ?

ಬೆಳಿಗ್ಗೆ ಫೋನಿನಲ್ಲಿ ಇಷ್ಟೇ ಹೇಳಿದಳು. "ನಿಮ್ಮ ಮೀನು ನನ್ನ ಹುಳಾನ ಕೊಂದಾವ."

ಅವನು ವಾದಿಸಲಿಲ್ಲ. ಅರ್ಧ ತಾಸಿನಲ್ಲಿ ಬಂದು ಚಿಪ್ಪುಗಳನ್ನು ತಿರುವಿ ನೋಡಿದ.

"ಕಚ್ಚಿದ ಗುರುತಿಲ್ಲ. ಯಾವ ನೀರು ಹಾಕೀರಿ?"

"ಬಕೆಟ್‌ನ್ಯಾಗ ಒಂದ ದಿನ ಇಟ್ಟಿದ್ದು. ನೀವ ಹೇಳಿದಂಗ."

ಚಹಾ ತಂದ ಅವ್ವ ಕೆಂಚವ್ವ ನಡುವೆ ಬಾಯಿ ಹಾಕಿದಳು. "ನಾನೂ ಹಾಕತೇನಪ್ಪಾ, ದಿನಾ ದೇವರ ಜಗಲಿ ಮ್ಯಾಲಿನ ತಾಮ್ರದ ತಂಬಗಿ ನೀರು. ಬಸವನ ಹೆಸರಿನ ಹುಳ ಅಲ್ಲೇನು? ರಾತ್ರಿಯೆಲ್ಲಾ ದೇವರ ಮುಂದಿದ್ದ ನೀರು ಕುಡದ್ರ ಬಾಳ ದಿನ ಇರ್ತಾವ."

ಸಿದ್ಧಾರೂಢನ ಕೈ ಒಂದು ಕ್ಷಣ ನಿಂತಿತು. ಉಮಾಶ್ರೀ ಅದನ್ನು ಕಂಡಳು.

"ಪಾಚಿ ನೆಕ್ಕೂ ಹುಳಕ್ಕ ದೇವರ ನೀರು ಯಾಕ್ರಿ ಅವ್ವಾರ? ಪತ್ರಿ ಗಿಡಕ್ಕ ಹಾಕ್ರಿ," ಎಂದ ಮೆಲ್ಲಗೆ. "ಹುಳ ನನ್ನ ಅಂಗಡ್ಯಾಗ ಇದ್ದಾಗನ ಸೊರಗಿದ್ದವು. ತಪ್ಪು ನಂದು."

"ಹುಳ ಮಾರಾವನ್ನ ಅಳಿಯನ್ನ ಮಾಡ್ಕೊಂಡ್ರ ಹಿಂಗ ನೋಡು," ಎಂದು ನಕ್ಕು ಕೆಂಚವ್ವ ಒಳಗೆ ಹೋದಳು.

ಉಳಿದೆರಡು ಹುಳುಗಳನ್ನು ಡಬ್ಬಿಗೆ ಹಾಕಿಕೊಂಡು ಹೊರಟವನ ಹಿಂದೆಯೇ ಉಮಾಶ್ರೀ ಬೈಕಿನವರೆಗೂ ಬಂದಳು.

"ಖರೆ ಹೇಳ್ರಿ."

"ತಾಮ್ರ ನೀರಿನ್ಯಾಗ ಇಳಿತೈತಿ. ನಮಗೇನ ಆಗೂದಿಲ್ಲ, ಹುಳಕ್ಕ ವಿಷ. ಇವೆರಡು ಬದುಕಬಹುದು. ಇವತ್ತ ಅರ್ಧ ನೀರು ಬದಲ ಮಾಡ್ರಿ, ನಾಳೆ ಅರ್ಧ."

"ಮತ್ತ ಅವ್ವನ ಮುಂದ ತಪ್ಪು ನಂದು ಅಂದ್ರಲ್ಲಾ?"

"ಪ್ರೀತಿಲೆ ಹಾಕ್ಯಾರ. ನೀವ ಕೊಂದ್ರಿ ಅಂತ ಅವರಿಗೆ ಹೆಂಗ ಹೇಳ್ಲಿ?"

ಯಾರು ಯಾರೊಂದಿಗೆ ಹೊಂದಿಯಾರು ಎಂದು ಎಷ್ಟು ರಾತ್ರಿ ಯೋಚಿಸಿದ್ದಳು... ಇವನು ಅಂಗಡಿಯ ಹೆಸರು ಕೆಟ್ಟರೂ ಚಿಂತೆಯಿಲ್ಲವೆಂದು ಅವ್ವನ ಮನಸ್ಸು ಕಾಯ್ದಿದ್ದ.

"ಮುಂಜಾನೆ ನಾ ಅಂದದ್ದು..."

"ಮರತೆ."

"ಸಂಜಿಮುಂದ ನಿಮ್ಮ ಮನಿಯವರನ್ನ ಕಳಸ್ರಿ. ಹೂಂ ಅಂತೇನಿ."

ಅವನು ಬೈಕಿನ ಕೀಲಿ ತಿರುಗಿಸುವುದನ್ನೇ ಬಿಟ್ಟ. "ಏನಂದ್ರಿ?"

"ಎರಡನೇ ಸಲ ಅನ್ನೂದಿಲ್ಲ," ಎಂದವಳ ಮುಖದಲ್ಲಿ ಅಂದಿನ ಮೊದಲ ನಗು.

ಒಳಗೆ ಕೆಂಚವ್ವ ಕಾದಿದ್ದಳು. "ಹುಳ ಯಾಕ ಸತ್ತಾವಂತವ್ವಾ?"

ಉಮಾಶ್ರೀ ಅವ್ವನ ಮುಖ ನೋಡಿದಳು.

"ಮೊದಲ ಸೊರಗಿದ್ದವಂತ," ಎಂದಳು. ನಿಜ ಏನೆಂದು ಅವ್ವನಿಗಷ್ಟೇ ಅಲ್ಲ, ಯಾರಿಗೂ ಎಂದೂ ಹೇಳಬಾರದೆಂದು ಅಲ್ಲೇ ನಿಶ್ಚಯಿಸಿದಳು.